ಮಟಡೋರಿನ ಮಾಡು

ಅಡಿಕೆ ಒಣಗಿಸುವ ಅಂಗಳದ ಮೂಲೆಯಲ್ಲಿ ಈಗ ಒಂದು ಹಳೇ ಮಟಡೋರ್ ವ್ಯಾನು ನಿಂತಿದೆ. ಕಾಸರಗೋಡಿನ ಕುಂಬಳೆ ಹತ್ತಿರ ಗುಜಿರಿಗೆ ಹೋಗಲು ತಯಾರಾಗಿದ್ದದ್ದನ್ನು ಅಳಿಯ ತಂದದ್ದು. ಅವನು ಫೋನಿನಲ್ಲಿ, ಒಳಗೇ ಉಂಡು ಮಲಗಿ ಊರೂರು ತಿರುಗುವ ಅಮೆರಿಕದ ಏರ್‌ಸ್ಟ್ರೀಮ್ ಟ್ರೇಲರುಗಳನ್ನು ನೋಡಿ ನೋಡಿ ಕೆಟ್ಟವನು. ಅದೇ, ತಿಕ್ಕಿದ ಚೆಂಬನ್ನು ಅಡ್ಡ ಮಲಗಿಸಿದ ಹಾಗೆ ಹೊಳೆಯುವ ಅಲ್ಯುಮಿನಿಯಂ ಗಾಡಿಗಳು, ಮೈತುಂಬ ರಿವೆಟ್ಟು. ಅಂಥದ್ದು ನಮಗೆಲ್ಲಿ ಸಿಗಬೇಕು? ಸಿಕ್ಕಿದ್ದು ಇದು. ಗಾಡಿ ಕೊಂಡ ಮೇಲೆ ಉಳಿದದ್ದು 40,000 ರೂಪಾಯಿ, ಅದರಲ್ಲೇ ಮಂಚ, ಒಲೆಕಟ್ಟೆ, ಲೈಟು ಎಲ್ಲ ಆಗಬೇಕು.

ನಾನು ಮೊದಲು ಕಿಟಕಿಗೆ ಪರದೆ ಬಟ್ಟೆ ನೋಡಲು ಹೊರಟೆ. ನಗಬೇಡಿ. “ಮಾವ, ಮೊದಲು ನೀರು ಎಲ್ಲಿಂದ ಬರ್ತದೆ ನೋಡುವ” ಎಂದ ಅಳಿಯ.

ಸೋರಿಕೆ ಹುಡುಕುವುದು ಕಳ್ಳನನ್ನು ಹುಡುಕಿದ ಹಾಗೆಯೇ. ನೀರು ಒಂದು ಕಡೆ ಒಳಗೆ ನುಗ್ಗಿ, ತಗಡಿನ ಅಡಿಯಲ್ಲೇ ನಡೆದು, ಮೂರಡಿ ಆಚೆ ಸಾಧುವಿನ ಹಾಗೆ ತೊಟ್ಟಿಕ್ಕುತ್ತದೆ. ಪೈಪಿನಲ್ಲಿ ನೀರು ಬಿಡುವಾಗ ಕೆಳಗಿನಿಂದ ಮೇಲಕ್ಕೆ ಹೋಗಬೇಕು, ಮೇಲಿಂದಲೇ ಹೊಯ್ದರೆ ಎಲ್ಲ ಒದ್ದೆಯಾಗಿ ಒಂದೂ ಗೊತ್ತಾಗುವುದಿಲ್ಲ. ಅಳಿಯ ಹೊರಗೆ, ನಾನು ಒಳಗೆ ಟಾರ್ಚು, ಚಾಕ್‌ಪೀಸು ಹಿಡಿದು. ವೆಲ್ಡಿಂಗಿನವರು ಬಂದು ಮಲಯಾಳದಲ್ಲಿ “ಚೋರ್ಚ ಉಂಡೋ?” ಎಂದರು, ಬಡಗಿ ತುಳುವಿನಲ್ಲಿ ಏನೋ ಹೇಳಿ ನಕ್ಕರು, ನಾನು “ಸೋರ್ತಾ ಉಂಟು” ಎಂದೆ. ನಮ್ಮ ಊರಿನಲ್ಲಿ ಒಂದು ತೂತಿಗೂ ಮೂರು ಭಾಷೆ.

ಹಿಂದಿನವರು ಯಾರೋ ಸಂದಿಗೆಲ್ಲ ಸಿಲಿಕೋನ್ ಬಳಿದಿದ್ದರು. ಹಳೇ ಸಿಲಿಕೋನಿನ ಮೇಲೆ ಹೊಸದು ಕೂರುವುದಿಲ್ಲ, ಪೂರ್ತಿ ಕೆರೆಯಲೇಬೇಕು. ಮೂರು ಭಾನುವಾರ ಅದಕ್ಕೇ ಹೋಯಿತು. ಆಮೇಲೆ ತುಕ್ಕಿಗೆ ವೈರ್ ಬ್ರಷ್ಷು, ರೆಡ್ ಆಕ್ಸೈಡು, ಸಂದಿಗೆ ನೀರು ಬಿಡದ ಪಿಯು (ಪಾಲಿಯುರೆಥೇನ್) ಸೀಲಂಟು. ಅರ್ಧ ದುಡ್ಡು ಯಾರ ಕಣ್ಣಿಗೂ ಬೀಳದ ಕೆಲಸಕ್ಕೇ ಖರ್ಚು! ನೆಂಟರು ಬಂದು “ಇಷ್ಟು ದಿನ ಏನು ಮಾಡಿದ್ದು?” ಎಂದರೆ ತೋರಿಸಲು ಏನೂ ಇಲ್ಲ.

ಒಳಗಿನ ಪ್ಲೈವುಡ್ ಕಿತ್ತಾಗ ಹಿಂದೆ ಹಳದಿ ಕಲೆ. ಅರದಾಳ, ವೇಷದ ಮುಖಕ್ಕೆ ಹಚ್ಚುವ ಹಳದಿ ಬಣ್ಣ! ಹಿಂದೆ ಯಾವುದೋ ಯಕ್ಷಗಾನ ಮೇಳದ ಪೆಟ್ಟಿಗೆ ಹೊತ್ತ ಗಾಡಿಯಿರಬೇಕು. ಸಂದಿಯಲ್ಲಿ ಒಂದು ಗೆಜ್ಜೆಯೂ ಸಿಕ್ಕಿತು. ಆ ಜಾಗಕ್ಕೆ ಬಣ್ಣ ಬಳಿಯಲಿಲ್ಲ.

ಮಂಚಕ್ಕೆ ಬಿದ್ದ ಅಡಿಕೆ ಮರದ ಸಲಕೆ, ಸೊನ್ನೆ ಖರ್ಚು. ಗಾಡಿಯ ರಚನೆ ಬದಲಿಸಲು ಆರ್‌ಟಿಒ ಅನುಮತಿ ಬೇಕು, ಹಾಗಾಗಿ ಸದ್ಯಕ್ಕೆ ಎಲ್ಲವೂ ಎತ್ತಿ ಹೊರಗಿಡುವಂಥದ್ದೇ.

ಜೂನಿನ ಮೊದಲ ಜಡಿಮಳೆಗೆ ನಾನೂ ಅಳಿಯನೂ ಅದರೊಳಗೇ ಮಲಗಿದೆವು. ತಗಡಿನ ಮೇಲೆ ಚೆಂಡೆ ಬಾರಿಸಿದಂತೆ ಮಳೆ, ಒಳಗೆ ಒಂದು ಹನಿ ಇಲ್ಲ. ಇನ್ನೇನು ನಿದ್ದೆ ಹತ್ತಬೇಕು, ಜಗಲಿಯಿಂದ ಹೆಂಡತಿಯ ಕೂಗು:

“ಆ ಸೀಲಂಟು ಉಳಿದಿದ್ಯಾ? ಇಲ್ಲಿ ಚಾವಡಿ ಸೋರ್ತಾ ಉಂಟು!”