ಹಾಸಿಗೆಗೆ ಬಿಸಿಲು ಬೇಕು

ಮನೆಯಲ್ಲಿ ಯಾರಿಗಾದರೂ ಡಸ್ಟ್ ಅಲರ್ಜಿ ಇದೆ ಅಂತ ಗೊತ್ತಾದರೆ ಸಾಕು, ಎಲ್ಲರೂ ಹೇಳುವುದು ಒಂದೇ: ಏರ್ ಪ್ಯೂರಿಫೈಯರ್ ತಗೊಳ್ಳಿ. ದಯವಿಟ್ಟು ಸ್ವಲ್ಪ ತಡೆಯಿರಿ. ಆ ದುಡ್ಡನ್ನು ಮೊದಲು ಹಾಸಿಗೆಗೆ ಖರ್ಚು ಮಾಡಿ.

ನನ್ನ ಮಗಳಿಗೆ ಬೆಳಗ್ಗೆ ಕಣ್ಣು ಬಿಡುತ್ತಿದ್ದ ಹಾಗೇ ಸಾಲು ಸಾಲು ಸೀನು, ಮೂಗು ಕಟ್ಟುವುದು, ಕಣ್ಣು ತುರಿಕೆ. ಮಧ್ಯಾಹ್ನದ ಹೊತ್ತಿಗೆ ಆರಾಮಾಗಿರುತ್ತಾಳೆ. ಅಲರ್ಜಿ ಟೆಸ್ಟ್ ಮಾಡಿಸಿದಾಗ ಕೈ ಮೇಲೆ ಸಾಲಾಗಿ ಹನಿ ಹಾಕಿ ಚುಚ್ಚಿದರು. ಡಸ್ಟ್ ಮೈಟ್ ಹನಿ ಬಿದ್ದ ಜಾಗ ಮಾತ್ರ ಸೊಳ್ಳೆ ಕಚ್ಚಿದ ಹಾಗೆ ಕೆಂಪಗೆ ದಪ್ಪಗೆ ಉಬ್ಬಿತು.

ಡಸ್ಟ್ ಮೈಟ್ ಅಂದರೆ ಧೂಳಲ್ಲಿರುವ ನುಸಿ. ಉದ್ದ 0.3 ಮಿಲಿಮೀಟರ್ ಇದ್ದರೆ ಹೆಚ್ಚು. ಕಚ್ಚುವುದಿಲ್ಲ. ನಮ್ಮ ಮೈಯಿಂದ ಉದುರುವ ಚರ್ಮದ ಪುಡಿ ತಿಂದು ಬದುಕುತ್ತದೆ. ತೊಂದರೆ ಕೊಡುವುದು ಮುಖ್ಯವಾಗಿ ಅದರ ಹಿಕ್ಕೆ. 1964ರಲ್ಲಿ ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ ವೋರ್ಹಾರ್ಸ್ಟ್, ಸ್ಪೀಕ್ಸ್ಮಾ ಎಂಬ ಸಂಶೋಧಕರು ಮತ್ತು ಜೊತೆಗಾರರು ಮನೆಧೂಳಿನ ಅಲರ್ಜಿಯ ಹಿಂದೆ ಇದೇ ನುಸಿ ಇದೆ ಎಂದು ಹೇಳಿದರು. ನಾವಿನ್ನೂ ರಸ್ತೆ ಧೂಳನ್ನೇ ಬೈಯುತ್ತಾ ಕೂತಿದ್ದೇವೆ.

ಈ ಹಿಕ್ಕೆಯ ಕಣಗಳು ಗಾಳಿಯಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಹಾಸಿಗೆ ಕೊಡವಿದರೆ ಏಳುತ್ತವೆ, ಅರ್ಧ ಗಂಟೆಯೊಳಗೆ ಹೆಚ್ಚಿನವು ಕೆಳಗೆ ಕೂರುತ್ತವೆ. ಮೂಲೆಯಲ್ಲಿಟ್ಟ ಮಷಿನ್ ದಿಂಬಿನೊಳಗಿನದ್ದನ್ನು ಹೇಗೆ ಎಳೆದೀತು? ಮಗು ರಾತ್ರಿಯಿಡೀ ಮುಖ ಇಟ್ಟು ಮಲಗುವುದು ಆ ದಿಂಬಿನ ಮೇಲೆ ಅಲ್ವಾ.

ಅದಕ್ಕೇ ಹಾಸಿಗೆಯಿಂದ ಶುರು ಮಾಡಬೇಕು. ಒತ್ತಾದ ನೇಯ್ಗೆಯ, ಜಿಪ್ ಇರುವ ಕವರ್ ಸಿಗುತ್ತದೆ. ಹಾಸಿಗೆ, ದಿಂಬು ಎರಡಕ್ಕೂ ಪೂರ್ತಿ ಮುಚ್ಚುವ ಹಾಗೆ ಹಾಕಿ. ಇಂಗ್ಲೆಂಡಿನಲ್ಲಿ ಇದೇ ನುಸಿಯ ಅಲರ್ಜಿಯ ಜೊತೆ ಅಸ್ತಮಾನೂ ಇರುವ ಮಕ್ಕಳ ಮೇಲೆ ನಡೆದ ಒಂದು ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಮಾಮೂಲಿ ಕವರ್ ಹಾಕಿದವರಲ್ಲಿ ಸುಮಾರು ಶೇ 42ರಷ್ಟು ಮಕ್ಕಳು ಒಂದು ವರ್ಷದಲ್ಲಿ ಅಸ್ತಮಾ ಜೋರಾಗಿ ಆಸ್ಪತ್ರೆಗೆ ಹೋಗಬೇಕಾಯಿತು. ಈ ಕವರ್ ಹಾಕಿದವರಲ್ಲಿ ಶೇ 29. ಎಲ್ಲ ಅಧ್ಯಯನಗಳೂ ಇಷ್ಟು ಲಾಭ ತೋರಿಸಿಲ್ಲ, ಅದೂ ನಿಜ. ಬರೀ ಕವರ್ ಹಾಕಿ ಕೈತೊಳೆದುಕೊಂಡರೆ ಆಗುವುದಿಲ್ಲ, ಡಾಕ್ಟರ್ ಕೊಟ್ಟ ಇನ್‌ಹೇಲರ್ ನಿಲ್ಲಿಸುವಂತೆಯೂ ಇಲ್ಲ.

ಬೆಡ್‌ಶೀಟು, ಹೊದಿಕೆ ವಾರಕ್ಕೊಮ್ಮೆ ಬಿಸಿನೀರಿಗೆ. 60 ಡಿಗ್ರಿ ಬೇಕು, ಉಗುರುಬೆಚ್ಚಗಿನ ನೀರಲ್ಲಿ ನುಸಿ ಸಾಯುವುದಿಲ್ಲ. ಸೋಲಾರ್ ಇರುವ ಮನೆಯಲ್ಲಿ ಮಧ್ಯಾಹ್ನದ ನೀರು ಕೈ ಇಡಲಾಗದಷ್ಟು ಸುಡುತ್ತದೆ, ಅದರಲ್ಲೇ ನೆನೆಹಾಕಿ. ಮಗು ಬಿಡದ ಟೆಡ್ಡಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಒಂದೆರಡು ದಿನ ಫ್ರೀಜರಿನಲ್ಲಿಟ್ಟು, ಆಮೇಲೆ ಒಗೆಯಿರಿ. ಒಣ ಪೊರಕೆಯಲ್ಲಿ ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿ. ಹಬ್ಬಕ್ಕೆ ಊರಿಗೆ ಹೋದಾಗ ಅಜ್ಜಿ ಪ್ರೀತಿಯಿಂದ ಅಟ್ಟದ ಮೇಲಿಂದ ಹಳೆ ರಜಾಯಿ ಇಳಿಸುತ್ತಾರೆ. ಬೇಜಾರಾಗದ ಹಾಗೆ ಹೇಳಿ, ನಿಮ್ಮದೇ ದಿಂಬು, ಹೊದಿಕೆ ತಗೊಂಡು ಹೋಗಿ.

ಇನ್ನು ಬಿಸಿಲಿನ ಮಾತು. ಈ ನುಸಿ ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನೇ ಹೀರಿಕೊಳ್ಳುತ್ತದೆ. ತೇವಾಂಶ ಶೇ 50ಕ್ಕಿಂತ ಕೆಳಗೇ ಇದ್ದರೆ ಒಣಗಿ ಸಾಯುತ್ತದೆ. ಮಳೆಗಾಲದಲ್ಲಿ ಮಂಗಳೂರು, ಆಗುಂಬೆ ಕಡೆ ಇದು ಕಷ್ಟ. ಬೆಂಗಳೂರಲ್ಲಿ ಜನವರಿಯಿಂದ ಏಪ್ರಿಲ್‌ವರೆಗೆ ಒಳ್ಳೇ ಬಿಸಿಲಿರುತ್ತದೆ. ಹಾಸಿಗೆಯನ್ನು ಮೇಲೆ ಕೆಳಗೆ ಮಾಡಿ ಮಧ್ಯಾಹ್ನವೆಲ್ಲ ಕಾಯಿಸಿದರೆ ನುಸಿ ಕಡಿಮೆಯಾಗುತ್ತದೆ. ಸತ್ತ ನುಸಿ, ಹಿಕ್ಕೆ ಅಲ್ಲೇ ಉಳಿಯುತ್ತವೆ. ಅಲರ್ಜಿ ಇಲ್ಲದವರು ಮಾಸ್ಕ್ ಹಾಕಿಕೊಂಡು ಹೊರಗಡೆಯೇ ಚೆನ್ನಾಗಿ ಬಡಿದು ಕೊಡವಬೇಕು.

ಆದರೆ ಎಲ್ಲಿ ಒಣಗಿಸುವುದು? ನಮ್ಮ ಅಪಾರ್ಟ್‌ಮೆಂಟಿನಲ್ಲಿ ಟೆರೇಸಿಗೆ ಬೀಗ. ಬಾಲ್ಕನಿಯಲ್ಲಿ ಹಾಸಿಗೆ ಹಾಕಿದರೆ ಬಿಲ್ಡಿಂಗ್ ಲುಕ್ ಹಾಳು ಅಂತ ಅಸೋಸಿಯೇಷನ್ ಗ್ರೂಪಿನಲ್ಲಿ ಮೆಸೇಜ್. ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ ಇದೇ ಕಥೆ. ನನಗೆ ಇದು ನಿಜಕ್ಕೂ ಸಿಟ್ಟು ಬರಿಸುತ್ತದೆ. ಒಂದು ಮಗುವಿನ ಉಸಿರಿಗಿಂತ ಗೋಡೆಯ ಅಂದ ಹೆಚ್ಚಾ? ಬಿದ್ದೀತು ಎಂಬ ಭಯವಿದ್ದರೆ ಟೆರೇಸಿನ ನಡುವೆ ನಾಲ್ಕು ಕಂಬ ನೆಟ್ಟು ಹಗ್ಗ ಕಟ್ಟಿಸಿ. ಮನೆಗೊಂದು ದಿನ ಅಂತ ಪಾಳಿ ಹಾಕಿ. ಬೀಗದ ಕೈ ಸೆಕ್ಯುರಿಟಿ ಹತ್ತಿರ ಇರಲಿ, ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ತೆಗೆಯಲಿ. ಮುಂದಿನ ಮೀಟಿಂಗಿನಲ್ಲಿ ನಾನು ಇದನ್ನೇ ಕೇಳುವವಳಿದ್ದೇನೆ. ನೀವೂ ನಿಮ್ಮಲ್ಲಿ ಕೇಳಿ.