ಮಕ್ಕಳ ನರರೋಗ ತರಬೇತಿಗೆ ಕೊಟ್ಟ ದಾನ ಎಲ್ಲಿ ಸೋರಿಹೋಗುತ್ತದೆ?

ಮಕ್ಕಳ ನರರೋಗ ತಜ್ಞರಾಗಲು ಹೊರಟ ವೈದ್ಯರಿಗೆ ದಾನಿಗಳು ಸ್ಟೈಪೆಂಡ್ ಕೊಡುವುದು ತುಂಬಾ ಒಳ್ಳೆಯ ಕೆಲಸ. ಆದರೆ ದುಡ್ಡು ಅಲ್ಲಿಗೇ ನಿಂತರೆ ನರರೋಗವಿರುವ ಮಕ್ಕಳಿಗೆ ಸಿಗಬೇಕಾದ್ದು ಸಿಗುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಕೇಪ್‌ಟೌನ್ ವಿಶ್ವವಿದ್ಯಾಲಯದ ಆಫ್ರಿಕನ್ ಪೀಡಿಯಾಟ್ರಿಕ್ ಫೆಲೋಶಿಪ್ ಪ್ರೋಗ್ರಾಂ ನೋಡಿ. ದಾನಿಗಳ ನೆರವಿನಿಂದ ನಡೆಯುವ ಈ ಯೋಜನೆಯ ಹಿಂದಿನ ದೊಡ್ಡ ಶಕ್ತಿ ಮಕ್ಕಳ ನರರೋಗ ತಜ್ಞೆ ಡಾ. ಜೋ ವಿಲ್ಮ್ಸ್‌ಹರ್ಸ್ಟ್. ಕೀನ್ಯಾ, ಉಗಾಂಡಾ, ಘಾನಾದಂಥ ದೇಶಗಳ ಮಕ್ಕಳ ವೈದ್ಯರು 1956ರಲ್ಲಿ ಆರಂಭವಾದ ರೆಡ್ ಕ್ರಾಸ್ ಮಕ್ಕಳ ಆಸ್ಪತ್ರೆಯಲ್ಲಿ ಕಲಿಯುತ್ತಾರೆ. ಯಾರು ಬೇಕಾದರೂ ಅರ್ಜಿ ಗುಜರಾಯಿಸಿ ಬರುವಂತಿಲ್ಲ, ಅವರ ದೇಶದ ಸಂಸ್ಥೆಯೇ ಅವರನ್ನು ಕಳಿಸಬೇಕು. ಕಲಿತವರಲ್ಲಿ ಶೇ 90ಕ್ಕೂ ಹೆಚ್ಚು ಮಂದಿ ಮರಳಿ ಹೋಗಿದ್ದಾರೆ. ಅವರನ್ನು ಲಂಡನ್ನಿಗೆ ಕಳಿಸಿದ್ದರೆ ಈ ಫಲ ಸಿಗುತ್ತಿತ್ತೆಂದು ನನಗನ್ನಿಸುವುದಿಲ್ಲ. ಕ್ಷಯದಿಂದ ಬರುವ ಮೆನಿಂಜೈಟಿಸ್ (ಮಿದುಳಿನ ಪೊರೆಯ ಉರಿಯೂತ), ಮಿದುಳಿಗೆ ಸೇರಿದ ಲಾಡಿಹುಳುವಿನ ಮರಿ, ಹುಟ್ಟುವಾಗ ಉಸಿರುಗಟ್ಟಿ ಮಿದುಳಿಗೆ ಪೆಟ್ಟಾದ ಕೂಸು, ಹೀಗೆ ಊರಿಗೆ ಹೋದ ಮೇಲೆ ದಿನಾ ಎದುರಾಗುವ ಕಾಯಿಲೆಗಳನ್ನೇ ಅವರು ಕೇಪ್‌ಟೌನಿನಲ್ಲಿ ನೋಡುತ್ತಾರೆ.

ಸೋರಿಕೆ ಶುರುವಾಗುವುದು ಮರಳಿದ ಮೇಲೆ. ಮೊದಲನೆಯದು ಇಇಜಿ, ಅಂದರೆ ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಪರೀಕ್ಷೆ. ಯಂತ್ರವನ್ನು ಯಾರಾದರೂ ದಾನ ಕೊಡುತ್ತಾರೆ, ನಡೆಸುವ ಟೆಕ್ನಿಷಿಯನ್ ಇರುವುದಿಲ್ಲ. ನೆತ್ತಿಯನ್ನು ಟೇಪಿನಿಂದ ಅಳೆದು ಸುಮಾರು 20 ಎಲೆಕ್ಟ್ರೋಡ್‌ಗಳನ್ನು ನಿಗದಿತ ಜಾಗದಲ್ಲೇ ಅಂಟಿಸಬೇಕು. ಚರ್ಮವನ್ನು ಚೆನ್ನಾಗಿ ಉಜ್ಜಿ ಇಂಪೀಡೆನ್ಸನ್ನು (ವಿದ್ಯುತ್ ಹರಿವಿಗಿರುವ ತಡೆಯನ್ನು) 5 ಕಿಲೋಓಮ್‌ಗಿಂತ ಕೆಳಗಿಳಿಸಬೇಕು. ಆಗದಿದ್ದರೆ ದಾಖಲಾದ ಗೆರೆಯಲ್ಲಿ ಮಿದುಳಿನ ಅಲೆಗಿಂತ ಹೊರಗಿನ ಗದ್ದಲವೇ ಹೆಚ್ಚು. ಮಗು ನಿದ್ದೆಗೆ ಜಾರುವಾಗಿನ ಭಾಗವೂ ದಾಖಲಾಗಬೇಕು, ಕೆಲವು ಅಪಸ್ಮಾರಗಳು ಕಾಣಿಸುವುದೇ ಆಗ. ಆದರೆ ಜೋಂಪು ಹತ್ತುವಾಗ ಮಕ್ಕಳಲ್ಲಿ ಸಹಜವಾಗಿ ಬರುವ ಎತ್ತರದ ಅಲೆಗಳ ಗುಂಪನ್ನು ಅರೆಬರೆ ಕಲಿತವರು ಫಿಟ್ಸ್ ಎಂದು ಓದಿಬಿಡುತ್ತಾರೆ. ಆಗ ಕಾಯಿಲೆಯೇ ಇಲ್ಲದ ಮಗು ವರ್ಷಗಟ್ಟಲೆ ಗುಳಿಗೆ ನುಂಗುತ್ತದೆ. ಆದ್ದರಿಂದ ಒಬ್ಬ ವೈದ್ಯರ ಜೊತೆ ಒಬ್ಬ ಟೆಕ್ನಿಷಿಯನ್‌ಗೂ ತರಬೇತಿ ಕೊಡಿಸಿ ಎನ್ನುತ್ತೇನೆ. ಅದಕ್ಕೆ ತಗಲುವ ಖರ್ಚು ವೈದ್ಯರ ತರಬೇತಿಗಿಂತ ಬಹಳ ಕಡಿಮೆ.

ಎರಡನೆಯದು ಔಷಧಿ. ಅಪಸ್ಮಾರಕ್ಕೆ ಕೈಗೆ ಸಿಗುವುದು ಫೀನೋಬಾರ್ಬಿಟೋನ್ ಮತ್ತು ಕಾರ್ಬಮಜೆಪೀನ್ ಮಾತ್ರ ಎಂದಾದರೆ ಎಷ್ಟು ಕಲಿತರೂ ಕೈ ಕಟ್ಟಿದಂತೆ. ಗಳಿಗೆ ಹೊತ್ತು ದಿಟ್ಟಿಸಿ ನಿಂತುಬಿಡುವ ಆಬ್ಸೆನ್ಸ್ ಫಿಟ್ಸ್ ಇರುವ ಮಗುವಿಗೆ ಕಾರ್ಬಮಜೆಪೀನ್ ಕೊಟ್ಟರೆ ಫಿಟ್ಸ್ ಇನ್ನಷ್ಟು ಹೆಚ್ಚಬಹುದು.

ಎಲ್ಲಕ್ಕಿಂತ ದುಬಾರಿಯಾಗುವುದು ತಡ. ವೆಸ್ಟ್ ಸಿಂಡ್ರೋಮ್ ಎಂಬ ಕೂಸುಗಳ ಅಪಸ್ಮಾರ ಸಾಮಾನ್ಯವಾಗಿ 3ರಿಂದ 12 ತಿಂಗಳ ವಯಸ್ಸಿನೊಳಗೆ ಶುರುವಾಗುತ್ತದೆ. ನಿದ್ದೆಯಿಂದ ಎದ್ದ ಕೂಡಲೇ ಕೂಸು ತಲೆ ಬಾಗಿಸಿ ಕೈ ಚಾಚಿ ಸಾಲುಸಾಲಾಗಿ ಬೆಚ್ಚುತ್ತದೆ. ಮನೆಯವರು ಹೊಟ್ಟೆನೋವು ಅಂದುಕೊಳ್ಳುತ್ತಾರೆ, ಎಷ್ಟೋ ಸಲ ಮೊದಲು ನೋಡಿದ ವೈದ್ಯರೂ ಹಾಗೇ ಅಂದುಕೊಳ್ಳುತ್ತಾರೆ. ಎಸಿಟಿಎಚ್ ಎಂಬ ಹಾರ್ಮೋನ್, ಹೆಚ್ಚಿನ ಪ್ರಮಾಣದ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಅಥವಾ ವಿಗಾಬ್ಯಾಟ್ರಿನ್ ಬೇಗ ಸಿಕ್ಕಷ್ಟೂ ಮಗುವಿನ ಬುದ್ಧಿ ಬೆಳವಣಿಗೆಗೆ ಒಳ್ಳೆಯದು. ಸ್ಟೀರಾಯ್ಡ್ ಕೊಡುವಾಗ ರಕ್ತದೊತ್ತಡ ಮತ್ತು ಸೋಂಕಿನ ಮೇಲೆ ಕಣ್ಣಿಡಲೇಬೇಕು. ಇದನ್ನು ಗುರುತಿಸಬೇಕಾದವರು ರಾಜಧಾನಿಯ ತಜ್ಞರಲ್ಲ, ತಾಲ್ಲೂಕು ಆಸ್ಪತ್ರೆಯ ಮಕ್ಕಳ ವೈದ್ಯರು. ತಾಯಿ ಫೋನಿನಲ್ಲಿ ಹಿಡಿದ ಅರ್ಧ ನಿಮಿಷದ ವಿಡಿಯೋ ಸಾಕು, ನೋಡುವವರಿಗೆ ಗೊತ್ತಿದ್ದರೆ.

ಅದಕ್ಕೇ ಬ್ರಿಟನ್ನಿನ ದತ್ತಿ ಸಂಸ್ಥೆಯಾದ ಬ್ರಿಟಿಷ್ ಪೀಡಿಯಾಟ್ರಿಕ್ ನ್ಯೂರಾಲಜಿ ಅಸೋಸಿಯೇಷನ್ ನಡೆಸುವ ಒಂದು ದಿನದ 'ಪೆಟ್ 1' ಅಪಸ್ಮಾರ ಕೋರ್ಸ್ ನನಗೆ ಅಷ್ಟು ಮುಖ್ಯವಾಗಿ ಕಾಣುತ್ತದೆ. ಉಪನ್ಯಾಸದ ಜೊತೆಗೆ ಸಣ್ಣ ಗುಂಪುಗಳಲ್ಲಿ ಫಿಟ್ಸ್ ವಿಡಿಯೋ ನೋಡಿ ಚರ್ಚೆ ನಡೆಯುತ್ತದೆ, ಸ್ಥಳೀಯ ವೈದ್ಯರೇ ಮುಂದೆ ಬೋಧಕರಾಗುತ್ತಾರೆ. ಭಾರತದಲ್ಲೂ ಇದು ನಡೆದಿದೆ. ಎರಡು ವರ್ಷ ಕಲಿತು ಬಂದ ಪ್ರತಿ ತಜ್ಞರೂ ತಮ್ಮ ಸುತ್ತಲಿನ ಜಿಲ್ಲೆಗಳಲ್ಲಿ ಇಂಥ ಕೋರ್ಸ್ ನಡೆಸಬೇಕೆಂಬ ಷರತ್ತನ್ನು ದಾನಿಗಳು ಕರಾರಿನಲ್ಲೇ ಬರೆಸಲಿ, ಅದರ ಖರ್ಚನ್ನೂ ಅಲ್ಲೇ ತೋರಿಸಲಿ. ಆ ವೈದ್ಯರು ವಿಮಾನ ಹತ್ತುವ ಮುಂಚೆಯೇ ಊರಿನ ಆಸ್ಪತ್ರೆಯಿಂದ ಮೂರು ವಿಷಯ ಲಿಖಿತವಾಗಿ ಬರಲಿ: ಮಂಜೂರಾದ ಹುದ್ದೆ, ವಾರಕ್ಕೊಂದು ದಿನದ ನರರೋಗ ಒಪಿಡಿ, ಔಷಧಿ ಪಟ್ಟಿಯಲ್ಲಿ ಪ್ರೆಡ್ನಿಸೋಲೋನ್ ಮತ್ತು ವಿಗಾಬ್ಯಾಟ್ರಿನ್.