ಹಡಗಿನ ಟೈಮು, ಮಾಸ್ತರ ಟೈಮು

ಕಲಬುರಗಿಯಲ್ಲಿ ಹುಟ್ಟಿ ಬೆಳೆದವರಿಗೆ ನೀರು ಎಂದರೆ ಎರಡೇ. ಒಂದು ನಳದ ನೀರು. ಅದು ಬಂತೆಂದರೆ ಕೊಡ, ಬಕೀಟು, ಮಕ್ಕಳು ಎಲ್ಲ ಸಾಲಾಗಿ ನಿಲ್ಲಬೇಕು. ಇನ್ನೊಂದು ಅಪ್ಪನ ಕೆರೆಯ ನೀರು. ಅದನ್ನು ದಂಡೆಯ ಮೇಲೆ ಕೂತು ಮಿರ್ಚಿ ತಿನ್ನುತ್ತ ನೋಡಬೇಕು. ಸಮುದ್ರ ಅಂದರೆ ನನಗೆ ಭೂಪಟದ ಮೇಲಿನ ನೀಲಿ ಬಣ್ಣ, ಅಷ್ಟೇ. 31 ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತ ಅದರ ಮೇಲೆ ಕೋಲು ಆಡಿಸಿದ್ದೇನೆ. ಕಾಲು ಒದ್ದೆಯಾಗುವ ಪ್ರಸಂಗ ಬಂದಿರಲಿಲ್ಲ.

ನಿವೃತ್ತಿಯಾದ ವರ್ಷ ಹೈದರಾಬಾದಿನಿಂದ ಮಗಳು ಫೋನ್ ಮಾಡಿದಳು. "ಅಪ್ಪಾಜಿ, ಇಷ್ಟು ವರ್ಷ ಮಂದಿ ಮಕ್ಕಳಿಗೆ ಸಮುದ್ರ ತೋರ್ಸೀರಿ. ನೀವೂ ಒಮ್ಮೆ ನೋಡ್ರಿ" ಅಂದಳು. ಸಿಂಗಪುರದಿಂದ ಹೊರಟು ಮಲೇಷ್ಯಾದ ಪೆನಾಂಗ್, ಥಾಯ್ಲೆಂಡಿನ ಫುಕೆಟ್ ತೋರಿಸಿ ಮತ್ತೆ ಸಿಂಗಪುರಕ್ಕೆ ತಂದುಬಿಡುವ ದೊಡ್ಡ ಹಡಗು. ನಾಲ್ಕು ರಾತ್ರಿ. ಟಿಕೆಟ್ ಆಗಲೇ ತೆಗೆಸಿದ್ದಳು. ಮೇ ತಿಂಗಳು ಬೇರೆ, ಮನೆಯ ಶಹಾಬಾದಿ ಕಲ್ಲಿನ ನೆಲವೂ ಕಾದ ಹಂಚಿನಂತಾಗಿತ್ತು. ಬೇಡ ಅನ್ನುವ ಧೈರ್ಯ ಯಾರಿಗಿದೆ?

ತರಬಾರದ ಸಾಮಾನಿನ ಪಟ್ಟಿಯನ್ನೂ ಮಗಳೇ ಕಳಿಸಿದಳು. ಸಿಂಗಪುರದಲ್ಲಿ ಚ್ಯೂಯಿಂಗ್ ಗಮ್ ನಡೆಯುವುದಿಲ್ಲ. ಗಸಗಸೆಯೂ ನಡೆಯುವುದಿಲ್ಲ. ನನ್ನ ಹೆಂಡತಿಗೆ ಚ್ಯೂಯಿಂಗ್ ಗಮ್ಮಿನ ಚಿಂತೆ ಇರಲಿಲ್ಲ. "ಗಸಗಸಿ ಏನು ಪಾಪ ಮಾಡ್ಯಾದ್ರೀ?" ಅಂತ ಎರಡು ದಿನ ಕೇಳಿದಳು. ಕೊನೆಗೆ ಅಂಗಡಿಯಿಂದ ಪ್ಯಾಕ್ ಮಾಡಿದ ಖಡಕ್ ರೊಟ್ಟಿ, ಶೇಂಗಾ ಹಿಂಡಿ ತಂದಳು. ಮನೆಯಲ್ಲಿ ಮಾಡಿದ್ದನ್ನು ಹಡಗಿನವರು ಒಳಗೆ ಬಿಡುವುದಿಲ್ಲವಂತೆ. ಉಳಿದ ಜಾಗದಲ್ಲಿ ನಾನು ನನ್ನ ಬುದ್ಧಿ ಓಡಿಸಿ ಒಂದು ಸಣ್ಣ ಇಸ್ತ್ರಿ ಪೆಟ್ಟಿಗೆ, ಮೂರು ಮಾರು ವೈರಿನ ಜಂಕ್ಷನ್ ಬಾಕ್ಸ್ ತುಂಬಿದೆ. ಇದರ ಕತೆ ಮುಂದೆ ಬರುತ್ತದೆ.

ಸಿಂಗಪುರದ ಬಂದರಿನಲ್ಲಿ ಸೂಟ್‌ಕೇಸಿಗೆ ಒಂದು ಚೀಟಿ ಸುತ್ತಿ ಹಮಾಲನಿಗೆ ಒಪ್ಪಿಸಿಬಿಡಬೇಕು. ಅದು ತಾನಾಗಿ ರೂಮಿನ ಬಾಗಿಲಿಗೆ ಬರುತ್ತದಂತೆ. ನಾನು ರಸೀದಿ ಕೇಳಿದೆ. ಅವನು ನಕ್ಕ. ವಾಡಿ ಜಂಕ್ಷನ್ನಿನಲ್ಲಿ ಹಾಗೆ ಯಾರಾದರೂ ನಕ್ಕಿದ್ದರೆ ನಾನು ಸೂಟ್‌ಕೇಸ್ ತಬ್ಬಿಕೊಂಡು ಕೂರುತ್ತಿದ್ದೆ.

ಹಡಗು ಅಂದೆನಲ್ಲ, ಅದು ಹಡಗಲ್ಲ. ನೀರಿನ ಮೇಲೆ ನಿಲ್ಲಿಸಿದ ಒಂದು ಪೇಟೆ. ಲಿಫ್ಟಿನಲ್ಲಿ ನೋಡಿದರೆ 12ನೇ ಮಹಡಿ ಆದಮೇಲೆ 14. ಹದಿಮೂರು ಅಪಶಕುನ ಅಂತ ಬಿಟ್ಟಿದ್ದಾರೆ. ಇಷ್ಟು ದೊಡ್ಡ ಕಬ್ಬಿಣದ ಊರು ಕಟ್ಟಿದವರಿಗೂ ಬೆಕ್ಕು ಅಡ್ಡ ಬರುತ್ತದೆ ಅನ್ನುವುದು ನೋಡಿ ನನಗೆ ಸಮಾಧಾನವಾಯಿತು. ಮಗಳು ನಮಗೆ ಕೆಳಗಿನ ಮಹಡಿಯಲ್ಲಿ, ಹಡಗಿನ ನಟ್ಟನಡುವೆ ರೂಮು ಹಿಡಿದಿದ್ದಳು. ಅಲ್ಲಿ ತೂಗಾಟ ಕಡಿಮೆ. ಹಳ್ಳಿ ರಸ್ತೆಯಲ್ಲಿ ಬಸ್ಸಿನ ಹಿಂದಿನ ಸೀಟಿಗೂ ನಡುವಿನ ಸೀಟಿಗೂ ಇರುವ ಫರಕು ಗೊತ್ತಲ್ಲ, ಅದೇ ಲೆಕ್ಕ. ಆದರೆ ರೂಮಿಗೆ ಕಿಟಕಿ ಇರಲಿಲ್ಲ. ದೀಪ ಆರಿಸಿದರೆ ಜೋಳದ ಹಗೇವಿನೊಳಗೆ ಇಳಿದ ಹಾಗೆ.

ಹೊರಡುವ ಮುಂಚೆ ಎಲ್ಲರಿಗೂ ಒಂದು ಡ್ರಿಲ್ ಮಾಡಿಸಿದರು. ಏಳು ಸಣ್ಣ ಸೀಟಿ, ಒಂದು ಉದ್ದ ಸೀಟಿ ಕೇಳಿದರೆ ಎಲ್ಲಿ ಹೋಗಿ ನಿಲ್ಲಬೇಕು, ಜಾಕೆಟ್ ಹೇಗೆ ಕಟ್ಟಬೇಕು. ಮುಳುಗುವ ವಿಚಾರವನ್ನು ಹತ್ತುವ ದಿನವೇ ಇಷ್ಟು ವಿವರವಾಗಿ ಹೇಳಬೇಕಿತ್ತಾ? ನಾವು ಗಂಡಹೆಂಡತಿ ರೂಮಿಗೆ ಬಂದವರೇ ವಾಂತಿಯ ಗುಳಿಗೆ ನುಂಗಿ ಮಲಗಿದೆವು. ಮಲಕ್ಕಾ ಜಲಸಂಧಿಯ ಒಂದು ಕಡೆ ಸುಮಾತ್ರಾ, ಇನ್ನೊಂದು ಕಡೆ ಮಲಯ. ನಡುವೆ ದೊಡ್ಡ ಅಲೆ ಏಳುವುದು ಕಡಿಮೆ. ಈ ಪಾಠ ಮಾಡಿದವನೇ ನಾನು. ಆದರೂ ನುಂಗಿದೆ.

ಎಚ್ಚರವಾದಾಗ ಕಗ್ಗತ್ತಲು. ಗೋಡೆ ತಡವಿ ದೀಪ ಹಾಕಿ ನೋಡಿದರೆ ಗಡಿಯಾರದಲ್ಲಿ ಎಂಟು. "ಏಳು, ಎಂಟಾಗ್ಯಾದ, ನಾಷ್ಟಾ ಮುಗೀತದ" ಅಂತ ಹೆಂಡತಿಯನ್ನು ಎಬ್ಬಿಸಿದೆ. ಹಲ್ಲುಜ್ಜಿ, ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿ ಹೊರಟೆವು. ಸೂಟ್‌ಕೇಸ್ ಇನ್ನೂ ಬಂದಿರಲಿಲ್ಲ, ಹಾಗಾಗಿ ಹಾಕಿದ ಬಟ್ಟೆಯನ್ನೇ ಹಾಕಿಕೊಂಡಿದ್ದೆವು. ಉದ್ದ ಓಣಿಯಂಥ ಹಾದಿಯಲ್ಲಿ ಎದುರು ಬಂದವರಿಗೆಲ್ಲ "ಗುಡ್ ಮಾರ್ನಿಂಗ್" ಹೇಳಿದೆ. ಒಬ್ಬ ಹುಡುಗ ಮಾತ್ರ ತಿರುಗಿ ಗುಡ್ ಮಾರ್ನಿಂಗ್ ಅಂದ. ಪಾಪ, ಕೆಲಸದವನು. ಗಿರಾಕಿ ಹೇಳಿದ್ದೇ ಸರಿ ಅಂತ ಅವನಿಗೆ ಕಲಿಸಿರಬೇಕು.

ಊಟದ ಹಾಲಿನಲ್ಲಿ ಇಡ್ಲಿ ಹುಡುಕಿದೆ. ಅನ್ನ, ಪಲ್ಯ, ಮೀನು, ಕೇಕು ಇದ್ದವು. ಜನ ಕೋಟು ಹಾಕಿದ್ದರು. "ಶ್ರೀಮಂತರು ಮುಂಜಾನೆನೇ ಇಷ್ಟು ತಿಂತಾರೇನ್ರೀ?" ಅಂತ ಹೆಂಡತಿ ಪಿಸುಗುಟ್ಟಿದಳು. ಪಕ್ಕದ ಮೇಜಿನಿಂದ ಒಂದು ದನಿ ಬಂತು.

"ಮಾಸ್ತರ್, ಈಗ ರಾತ್ರಿ ಎಂಟು ರೀ."

ಹೀಗೆ ನಮಗೆ ಭಾಲ್ಕಿ ವೈನಿಯ ಪರಿಚಯವಾಯಿತು. ಭಾಲ್ಕಿಯಲ್ಲಿ ಹುಟ್ಟಿ ಪುಣೆಗೆ ಮದುವೆಯಾಗಿ ಹೋದವರು. ನಾನು ಮಾಸ್ತರ ಅಂತ ಹೇಗೆ ಗೊತ್ತಾಯಿತು ಅಂದರೆ, "ತಪ್ಪನ್ನೂ ಇಷ್ಟು ಖಾತ್ರಿಯಿಂದ ಮಾಡೋರು ಮತ್ಯಾರದಾರ?" ಅಂದರು. ಇದು ಅವರ ಹದಿನಾಲ್ಕನೇ ಹಡಗು. ಜಾಸ್ತಿ ಸಲ ಬಂದವರಿಗೆ ಕಾರ್ಡಿನ ಬಣ್ಣವೇ ಬೇರೆ, ಸಾಲಿನಲ್ಲಿ ಮುಂದೆ ಬಿಡುತ್ತಾರೆ. ಅವರ ಯಜಮಾನರು ಕನ್ನಡಕದ ಮೇಲಿಂದ ಒಮ್ಮೆ ನಮ್ಮನ್ನು ನೋಡಿ ಮತ್ತೆ ಪೇಪರಿಗೆ ಹೋದರು. ನಾಲ್ಕು ದಿನದಲ್ಲಿ ಆ ಮನುಷ್ಯ ಮಾತಾಡಿದ್ದು ಕಡಿಮೆ. ಎಲ್ಲ ಗೊತ್ತಿದ್ದವರ ಗತ್ತು.

"ಕಿಟಕಿ ಇಲ್ಲದ ರೂಮಿನಾಗ ಟಿವಿ ಹಚ್ಚಿಡಬೇಕ್ರಿ. ಹಡಗಿನ ಮುಂದಿನ ಕ್ಯಾಮೆರಾದ್ದು ಒಂದು ಚಾನೆಲ್ ಇರ್ತದ. ದನಿ ಬಂದ್ ಮಾಡಿ ಬಿಟ್ರ ಅದೇ ಕಿಟಕಿ. ಬೆಳಕಾದ್ರ ಬೆಳಕು, ಕತ್ತಲಾದ್ರ ಕತ್ತಲು" ಅಂದರು ವೈನಿ. ನಿಜಕ್ಕೂ ಒಳ್ಳೆ ಉಪಾಯ. ಆಮೇಲೆ ಸೂಟ್‌ಕೇಸ್ ಬಂದಿಲ್ಲ ಅಂದಾಗ ಅವರ ಮುಖ ಅರಳಿತು. "ಏನಾರ ಕರೆಂಟಿನ ಸಾಮಾನು ತಂದೀರೇನು? ಹಂಗಾದ್ರ ಅದು ತುಂಟರ ಕೋಲಿಗಿ ಹೋಗ್ಯಾದ."

ಖರೆ. ಕೆಳಗೆ ಒಂದು ಕೋಣೆ ಇದೆ. ಹಡಗಿನಲ್ಲಿ ಎಲ್ಲಕ್ಕಿಂತ ದೊಡ್ಡ ಭಯ ಬೆಂಕಿಯದು. ಹಾಗಾಗಿ ಇಸ್ತ್ರಿ, ನೀರು ಕಾಯಿಸುವ ಕೆಟಲ್, ಜಂಕ್ಷನ್ ಬಾಕ್ಸ್ ಯಾವುದೂ ರೂಮಿಗೆ ಬರುವ ಹಾಗಿಲ್ಲ. ಸ್ಕ್ಯಾನಿನಲ್ಲಿ ಕಂಡರೆ ಪೆಟ್ಟಿಗೆಯನ್ನು ತಡೆದು, ಯಜಮಾನನನ್ನೇ ಕರೆಸಿ ತೆಗೆಸುತ್ತಾರೆ. ಮೇಲಿಂದ ಮೇಲೆ ಹೋಗುವವರು ಅದಕ್ಕೆ ತಮಾಷೆಗೆ ತುಂಟರ ಕೋಣೆ ಅನ್ನುತ್ತಾರೆ. 31 ವರ್ಷ ಮಕ್ಕಳ ಚೀಲದಿಂದ ಚೆಂಡು, ಗೋಲಿ ಕಸಿದುಕೊಂಡ ನಾನು ಅಲ್ಲಿ ಕೈಕಟ್ಟಿ ನಿಂತೆ. ನನ್ನ ಜಂಕ್ಷನ್ ಬಾಕ್ಸಿಗೆ ಚೀಟಿ ಅಂಟಿಸಿ, ಇಳಿಯುವ ದಿನ ಕೊಡುತ್ತೇವೆ ಅಂದರು. ಬಿಪಿ ಗುಳಿಗೆಯೂ ಅದೇ ಸೂಟ್‌ಕೇಸಿನಲ್ಲಿತ್ತು. ಮರುದಿನ ಈ ಸಂಗತಿ ಕೇಳಿ ವೈನಿ, "ಔಷಧಿ, ಒಂದು ಜೋಡಿ ಅರಿವಿ ಕೈಚೀಲದಾಗೇ ಇಟ್ಕೋಬೇಕ್ರಿ. ಹೇಳೋದು ಮರ್ತಿದ್ದೆ" ಅಂದರು.

ಮರ್ತಿದ್ದೆ ಅನ್ನುವುದು ಅವರ ಪಲ್ಲವಿ. ರೂಮಿನ ಫ್ರಿಜ್ಜಿನ ಬಾಟಲಿ ಮುಟ್ಟಿದರೆ ಬಿಲ್ಲು ಅಂತ ನಾನು ಎರಡು ಕುಡಿದ ಮೇಲೆ ಹೇಳಿದರು. ಕೆಲಸದವರ ಬಕ್ಷೀಸು ತಲೆಗೆ ಇಷ್ಟು ಅಂತ ದಿನಾ ನಮ್ಮ ಲೆಕ್ಕಕ್ಕೆ ಬೀಳುತ್ತದೆ ಅಂತ, ನಾನು ಬೇರೆ ಕೊಟ್ಟ ಮೇಲೆ ಹೇಳಿದರು. ಒಂದು ಮಾತ್ರ ಟೈಮಿಗೆ ಸರಿಯಾಗಿ ಬಂತು. ರೂಮಿನ ಗೋಡೆ ಕಬ್ಬಿಣದ್ದು, ಅಯಸ್ಕಾಂತದ ಕೊಕ್ಕೆ ಹಿಡಿಯುತ್ತದೆ. ಎರಡು ಕೊಕ್ಕೆ ತಾವೇ ಕೊಟ್ಟರು. ನನ್ನ ಹೆಂಡತಿ ಅವುಗಳ ನಡುವೆ ದಾರ ಕಟ್ಟಿ ನನ್ನ ಲುಂಗಿ ಒಣಹಾಕಿದಳು. ಐಷಾರಾಮಿ ಹಡಗಿನಲ್ಲಿ ನಮ್ಮ ಮನೆ ಹಿತ್ತಿಲು ತಯಾರಾಯಿತು.

ಇನ್ನು ಫುಕೆಟ್. ಇಲ್ಲಿ ನನ್ನ ವೃತ್ತಿಯ ಮಾನ ಹೋಯಿತು.

ಹಡಗು ದಡಕ್ಕೆ ಬರಲಿಲ್ಲ. ಪಟೊಂಗ್ ಬೀಚಿನ ಹತ್ತಿರ ಸಮುದ್ರದಲ್ಲೇ ಲಂಗರು ಹಾಕಿ, ಸಣ್ಣ ದೋಣಿಗಳಲ್ಲಿ ನಮ್ಮನ್ನು ದಡಕ್ಕೆ ಸಾಗಿಸಿದರು. ವಾಪಸ್ ಬರಲು ಕೊನೆಯ ದೋಣಿ 4:30ಕ್ಕೆ ಅಂತ ಹಿಂದಿನ ರಾತ್ರಿಯೇ ರೂಮಿಗೆ ಕಾಗದ ಬಂದಿತ್ತು. ಹಡಗಿನ ಟೈಮ್ ಅಂತ ದಪ್ಪ ಅಕ್ಷರದಲ್ಲಿ ಹಾಕಿದ್ದರು. ದಪ್ಪ ಅಕ್ಷರದ್ದನ್ನು ಮಕ್ಕಳು ಬಿಟ್ಟು ಓದುತ್ತಾರೆ ಅಂತ ಜೀವನಪೂರ್ತಿ ಬೈದವನು ನಾನು.

ಮೊಬೈಲನ್ನು ಅಲ್ಲಿಯವರೆಗೆ ವಿಮಾನದ ಗುರುತಿಗೆ ಹಾಕಿ ಇಟ್ಟಿದ್ದೆ. ನಡುಸಮುದ್ರದಲ್ಲಿ ಅದು ಹಡಗಿನ ನೆಟ್‌ವರ್ಕ್ ಹಿಡಿದುಬಿಟ್ಟರೆ ಬಿಲ್ಲು ನೋಡಿ ಬಿಪಿ ಏರುತ್ತದೆ ಅಂತ ಮಗಳು ಹೆದರಿಸಿದ್ದಳು. ದಡ ಸೇರಿದ ಖುಷಿಗೆ ತೆಗೆದು ಚಾಲೂ ಮಾಡಿದೆ. ಎಳನೀರು ಹಿಡಿದು ಸೆಲ್ಫಿ ತೆಗೆದು ಮಗಳಿಗೆ ಕಳಿಸಿದೆ. ಮೊಬೈಲಿನಲ್ಲಿ 3:10 ಆಗಿತ್ತು. ಇನ್ನೊಂದು ಎಳನೀರು ಹೇಳಿದೆ.

ಹೆಂಡತಿ ತನ್ನ ಕೈಗಡಿಯಾರ ನೋಡಿಕೊಂಡಳು. ಮದುವೆಯಲ್ಲಿ ಅವರಪ್ಪ ಕೊಟ್ಟ ಎಚ್‌ಎಂಟಿ. ಸಿಂಗಪುರದಲ್ಲಿ ಮುಳ್ಳು ತಿರುಗಿಸಿಕೊಂಡವಳು ಆಮೇಲೆ ಮುಟ್ಟಿರಲಿಲ್ಲ.

"ಏನ್ರೀ, ನಾಲ್ಕೂ ಹತ್ತು ಆಗ್ಯಾದ."

"ನಿನ್ನ ಗಡಿಯಾರ ಮುಂದ ಓಡ್ಲಾಕತ್ತದ. ಮೊಬೈಲ್ ಟವರಿನಿಂದ ಟೈಮ್ ತಗೋತದ. ತಪ್ಪಂಗಿಲ್ಲ."

"ಟವರ್ ಯಾವ ಊರಿಂದ್ರೀ?"

ಎಳನೀರಿನ ನಳಿಕೆ ಬಾಯಲ್ಲೇ ಉಳಿಯಿತು. ಭೂಮಿ ಒಂದು ಗಂಟೆಗೆ 15 ಡಿಗ್ರಿ ತಿರುಗುತ್ತದೆ. ಒಂದು ಡಿಗ್ರಿಗೆ ನಾಲ್ಕು ನಿಮಿಷ. ಭಾರತದ ಗಡಿಯಾರ ನಡೆಯುವುದು 82.5 ಡಿಗ್ರಿ ಪೂರ್ವ ರೇಖಾಂಶದ ಲೆಕ್ಕದಲ್ಲಿ, ಹಾಗಾಗಿ ನಮ್ಮ ಕಲಬುರಗಿಯ ಸೂರ್ಯ ಗಡಿಯಾರಕ್ಕಿಂತ ಸುಮಾರು 23 ನಿಮಿಷ ಹಿಂದೆ. ಪ್ರತಿ ವರ್ಷ ಜೂನಿನಲ್ಲಿ ಇದನ್ನು ಹೇಳಿ ಮಕ್ಕಳನ್ನು ಬೆರಗುಗೊಳಿಸುತ್ತಿದ್ದೆ. ಥಾಯ್ಲೆಂಡಿನ ಟೈಮು ಸಿಂಗಪುರಕ್ಕಿಂತ ಒಂದು ಗಂಟೆ ಹಿಂದೆ ಅನ್ನುವುದು ಆ ಎಳನೀರು ಅಂಗಡಿಯ ಮುಂದೆ ನೆನಪಾಯಿತು. ಕೆಲವು ಹಡಗುಗಳು ಊರಿಗೆ ತಕ್ಕಂತೆ ಮುಳ್ಳು ತಿರುಗಿಸುತ್ತವಂತೆ. ನಮ್ಮದು ಸಿಂಗಪುರದ ಟೈಮನ್ನೇ ಹಿಡಿದುಕೊಂಡಿತ್ತು. ನನ್ನ ಹೆಂಡತಿಯ ಹಾಗೆ.

ಓಡಿದೆವು. ಚಪ್ಪಲಿ ಕೈಯಲ್ಲಿ, ಸೆರಗು ಸೊಂಟದಲ್ಲಿ. ಮರಳಿನಲ್ಲಿ ಓಡಿದರೆ ಮುಂದೆ ಹೋಗುವುದಕ್ಕಿಂತ ಕೆಳಗೆ ಹೋಗುವುದೇ ಜಾಸ್ತಿ. ದೋಣಿಯವನು ಹಗ್ಗ ಬಿಚ್ಚುತ್ತಿದ್ದ. ನಮ್ಮನ್ನು ಕಂಡು ನಿಂತ. ಹತ್ತಿದಾಗ ಒಳಗಿದ್ದವರೆಲ್ಲ ಚಪ್ಪಾಳೆ ಹೊಡೆದರು. ಕೊನೆ ಗಳಿಗೆಯಲ್ಲಿ ಓಡಿಬರುವವರನ್ನು ನೋಡುವುದು ಹಳೇ ಪ್ರಯಾಣಿಕರಿಗೆ ಒಂದು ಆಟವಂತೆ. ಅದಕ್ಕೇ ಮೇಲಿನ ಮಹಡಿಯ ಕಟಕಟೆಗೆ ಜಾಗ ಹಿಡಿದು ನಿಲ್ಲುತ್ತಾರೆ.

ಅದೇ ದೋಣಿಯಲ್ಲಿ ಭಾಲ್ಕಿ ವೈನಿ. "ಬಂದರಿನಾಗ ಮೊಬೈಲ್ ಟೈಮ್ ನೋಡಬಾರದು ಮಾಸ್ತರ್. ಹೇಳೋದು ಮರ್ತಿದ್ದೆ" ಅಂದರು. ಆಮೇಲೆ ಬೇಕಿಲ್ಲದ ವಿವರವನ್ನೂ ಕೊಟ್ಟರು. ಹಡಗಿನವರೇ ಕರೆದುಕೊಂಡು ಹೋದ ಟೂರು ತಡವಾದರೆ ಹಡಗು ಕಾಯುತ್ತದೆ. ಸ್ವಂತ ತಿರುಗಾಡಲು ಹೋದವರಿಗೆ ಕಾಯುವುದಿಲ್ಲ. ರೂಮಿನ ತಿಜೋರಿಯಿಂದ ಪಾಸ್‌ಪೋರ್ಟ್ ತೆಗೆದು ಬಂದರಿನ ಏಜೆಂಟನ ಕೈಗೆ ಕೊಟ್ಟು ಹೊರಟೇಬಿಡುತ್ತದೆ.

ಒಂದು ಮಾತು ಹೇಳಲೇಬೇಕು. ಸಿಂಗಪುರ ಇರುವುದು ಸುಮಾರು 104 ಡಿಗ್ರಿ ರೇಖಾಂಶದಲ್ಲಿ. ಲೆಕ್ಕದ ಪ್ರಕಾರ ಅದಕ್ಕೂ ಥಾಯ್ಲೆಂಡಿನ ಟೈಮೇ ಸಾಕು. 1982ರಲ್ಲಿ ಮಲೇಷ್ಯಾದ ಜೊತೆಗೆ ಅವರೂ ಗಡಿಯಾರ ಅರ್ಧ ಗಂಟೆ ಮುಂದೆ ತಿರುಗಿಸಿಕೊಂಡರು. ಅಂದಮೇಲೆ ಭೂಗೋಳದ ಪ್ರಕಾರ ನನ್ನ ಮೊಬೈಲೇ ಸರಿ. ಇದನ್ನು ಹೆಂಡತಿಗೆ ಅಂದು ರಾತ್ರಿ ವಿವರಿಸಿದೆ. ಅವಳು ಶೇಂಗಾ ಹಿಂಡಿ ಪ್ಯಾಕೆಟ್ಟಿನ ಬಾಯಿ ಕಟ್ಟುತ್ತ, "ಹೌದ್ರಿ, ಸಿಂಗಪುರದವರಿಗೆ ಒಂದು ಪತ್ರ ಬರೀರಿ" ಅಂದಳು.

ಆಮೇಲೆ ನಾನು ಟೈಮಿನ ವಿಷಯದಲ್ಲಿ ಹಠಕ್ಕೆ ಬಿದ್ದೆ. ಕೊನೆಯ ರಾತ್ರಿ ಸೂಟ್‌ಕೇಸುಗಳನ್ನು ಹನ್ನೊಂದರೊಳಗೆ ಬಾಗಿಲ ಹೊರಗೆ ಇಡಬೇಕು. ರಾತ್ರಿಯೇ ಒಯ್ದು, ಬೆಳಿಗ್ಗೆ ಬಂದರಿನಲ್ಲಿ ಚೀಟಿಯ ಬಣ್ಣದ ಪ್ರಕಾರ ಸಾಲಾಗಿ ಜೋಡಿಸಿಡುತ್ತಾರೆ. ನಾನು ಒಂಬತ್ತಕ್ಕೇ ಇಟ್ಟೆ. ನನ್ನ ಬಟ್ಟೆ ನಾನೇ ಮಡಚಿದೆ. ಒಂದೂ ಬಿಡದೆ ತುಂಬಿದೆ. ಬೀಗ ಹಾಕಿ, ಲುಂಗಿ ಉಟ್ಟು, ನೆಮ್ಮದಿಯಿಂದ ಮಲಗಿದೆ. ಟಿವಿಯ ಕಿಟಕಿ ಹಚ್ಚಿದ್ದೆ.

ಬೆಳಿಗ್ಗೆ ಅದರಲ್ಲಿ ಬೆಳಕಾಯಿತು. ಸಿಂಗಪುರದ ಕಟ್ಟಡಗಳು ಕಂಡವು. ಎದ್ದು ಪ್ಯಾಂಟಿಗೆ ಕೈ ಚಾಚಿದೆ. ಕೊಕ್ಕೆಗೆ ಹೆಂಡತಿಯ ಸೀರೆ ಒಂದೇ ಇತ್ತು.

"ನನ್ನ ಪ್ಯಾಂಟು?"

"ನಿಮ್ದು ನೀವೇ ನೋಡ್ಕೋತೀನಿ ಅಂದಿದ್ರಿ."

ಚೆಕ್ಸಿನ ಲುಂಗಿ, ಫುಕೆಟ್ಟಿನಲ್ಲಿ ಕೊಂಡ ಆನೆ ಚಿತ್ರದ ಬನಿಯನ್ನು, ಕಾಲಿಗೆ ಕರಿ ಬೂಟು. ಕಂಕುಳಲ್ಲಿ ಆಗಷ್ಟೇ ವಾಪಸ್ ಕೊಟ್ಟ ಜಂಕ್ಷನ್ ಬಾಕ್ಸು, ಇಸ್ತ್ರಿ ಪೆಟ್ಟಿಗೆ. ಹೀಗೆ ನಾನು ಸಿಂಗಪುರದ ಇಮಿಗ್ರೇಶನ್ ಸಾಲಿನಲ್ಲಿ ನಿಂತೆ. ಹೆಂಡತಿ ರೇಷ್ಮೆ ಸೀರೆ ಉಟ್ಟು, ಪರಿಚಯ ಇಲ್ಲದವಳ ಹಾಗೆ ನಾಲ್ಕು ಹೆಜ್ಜೆ ಮುಂದೆ ನಿಂತಳು.

ಪಕ್ಕದ ಸಾಲಿನಲ್ಲಿ ಭಾಲ್ಕಿ ವೈನಿ ಕಂಡರು. ನಗುತ್ತಾರೆ ಅಂದುಕೊಂಡೆ. ನಗಲಿಲ್ಲ. ಮುಖ ಆ ಕಡೆ ತಿರುಗಿಸಿದರು. ಅವರ ಹಿಂದೆ, ಹದಿನಾಲ್ಕು ಹಡಗು ಹತ್ತಿಳಿದ ಅವರ ಯಜಮಾನರು ಪಟ್ಟೆಪಟ್ಟೆ ಪೈಜಾಮದಲ್ಲಿ ನಿಂತು ಪೇಪರು ಓದುತ್ತಿದ್ದರು.

"ಹೇಳೋದು ಮರ್ತಿದ್ದೆ ಮಾಸ್ತರ್" ಅಂದರು ವೈನಿ ಮೆಲ್ಲಗೆ. "ಇವರಿಗೂ."